ಬೆಳೆ ಪರಿಹಾರ ಬಿತ್ತಿದವರ ಕೈಗೆ ಹೋಗಲಿ: ಕಂದಾಯ ಸಚಿವರಿಗೆ, ಕೃಷಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರೇ, ಮಾನ್ಯ ಕೃಷಿ ಸಚಿವರೇ,

ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಪಹಣಿ ಒಬ್ಬರ ಇಲಾಖೆಯಲ್ಲಿದೆ, ಬೆಳೆ ಇನ್ನೊಬ್ಬರ ಇಲಾಖೆಯಲ್ಲಿದೆ. ನಾನು ಹೇಳಬೇಕಾದ ವಿಷಯ ಇವೆರಡರ ಮಧ್ಯೆ ಸಿಕ್ಕಿಹಾಕಿಕೊಂಡು ಯಾರ ಮೇಜಿನ ಮೇಲೂ ಬರುತ್ತಿಲ್ಲ.

ವಿಷಯ ಇಷ್ಟು. ಬರ ಬಂದಾಗ, ನೆರೆ ಬಂದಾಗ ಸರ್ಕಾರ ಕೊಡುವ ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಹೋಗುತ್ತದೆ. ಪಹಣಿದಾರರೇ ಬಿತ್ತಿದ್ದರೆ ಏನೂ ತೊಂದರೆ ಇಲ್ಲ. ಆದರೆ ಬೇರೆಯವರ ಹೊಲವನ್ನು ಕೋರಿಗೆ (ಬೆಳೆಯಲ್ಲಿ ಪಾಲು ಕೊಡುವ ಮಾತಿಗೆ) ಹಿಡಿದು, ಕೈಸಾಲ ತಂದು ಬೀಜ ಗೊಬ್ಬರ ಹಾಕಿ, ಕೊನೆಗೆ ಬೆಳೆ ಒಣಗಿ ಕೈ ಖಾಲಿ ಮಾಡಿಕೊಂಡವರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಅವರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಇದನ್ನು ಸರಿ ಮಾಡಿ ಅಂತ ಕೇಳುತ್ತಿದ್ದೇನೆ. ಮಾಡೋಕೆ ಆಗದ ಕೆಲಸ ಅಲ್ಲ, ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ನಾನು ಯಾವ ಕಡೆಯವನು ಅಂತ ಹೇಳಿಬಿಡುತ್ತೇನೆ. ನಾನು ಚಿತ್ರದುರ್ಗ ಜಿಲ್ಲೆಯವನು, ಶೇಂಗಾ ಸೀಮೆಯವನು. ನಮ್ಮದು ಜಮೀನು ಇರುವ ಮನೆ. ಪಹಣಿ ನಮ್ಮವ್ವನ ಹೆಸರಲ್ಲಿದೆ. ಅಪ್ಪ ತೀರಿಕೊಂಡ ಮೇಲೆ ಹೊಲ ಕೋರಿಗೆ ಕೊಟ್ಟಿದ್ದೇವೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆಯುವ ಆಳಿನ ಕೂಲಿ ಎಲ್ಲಾ ಮಾಡುವವರದು. ನಮಗೆ ಬೆಳೆಯಲ್ಲಿ ಪಾಲು. ಅಂದರೆ ನಮ್ಮ ಮನೆಗೆ ಬರುವ ದುಡ್ಡನ್ನೇ ಇನ್ನೊಬ್ಬರಿಗೆ ಕೊಡಿ ಅಂತ ನಾನು ಕೇಳುತ್ತಿದ್ದೇನೆ.

2023ರ ಬರ ನಿಮಗೂ ನೆನಪಿರುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ನಿಮ್ಮ ಸರ್ಕಾರವೇ ಘೋಷಿಸಿತು. ನಮ್ಮ ಕಡೆ ಶೇಂಗಾ ಹುಟ್ಟಿದ್ದೇನೋ ಹುಟ್ಟಿತು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಗಿಡ ಕಿತ್ತು ನೋಡಿದರೆ ಬೇರಲ್ಲಿ ನಾಲ್ಕು ಜೊಳ್ಳು ಕಾಯಿ, ಒತ್ತಿದರೆ ಒಳಗೆ ಬೀಜವೇ ಇಲ್ಲ. ಕೀಳಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಎಷ್ಟೋ ಜನ ದನ, ಕುರಿ ಬಿಟ್ಟು ಮೇಯಿಸಿಬಿಟ್ಟರು. ಆಮೇಲೆ ಪರಿಹಾರಕ್ಕೆ ಕಾಯುವುದು ಶುರುವಾಯಿತು. ರಾಜ್ಯ ಕೇಂದ್ರದ ಹತ್ತಿರ 18,171 ಕೋಟಿ ಕೇಳಿತು. 2024ರ ಜನವರಿಯಲ್ಲಿ ರಾಜ್ಯವೇ ಮೊದಲ ಕಂತು ಅಂತ ಒಬ್ಬರಿಗೆ 2,000 ರೂಪಾಯಿವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರದಿಂದ 3,454 ಕೋಟಿ ಬಂತು, ಮೇ ತಿಂಗಳಲ್ಲಿ ಉಳಿದ ದುಡ್ಡು ಖಾತೆಗಳಿಗೆ ಬಿತ್ತು. ಅಂದರೆ ಮುಂಗಾರು ಬೆಳೆ ಹೋಗಿ, ಹಿಂಗಾರು ಕಳೆದು, ಮುಂದಿನ ಮುಂಗಾರಿನ ಬಾಗಿಲಿಗೆ ಬಂದಾಗ.

ಆ ದುಡ್ಡು ನಮ್ಮವ್ವನ ಖಾತೆಗೆ ಬಂತು. ಹೊಲ ಮಾಡಿದ್ದ ಮಾವ (ಸಂಬಂಧಿಕರಲ್ಲ, ಊರ ವರಸೆಯಲ್ಲಿ ಹಾಗೇ ಕರೆಯೋದು) ಮನೆಗೆ ಬಂದು ಜಗಲಿ ಮೇಲೆ ಕೂತರು. ದುಡ್ಡಿನ ಮಾತು ಅವರು ಎತ್ತಲೇ ಇಲ್ಲ. ಮಳೆ, ದನ, ಮೇವಿನ ರೇಟು ಅಂತ ಏನೇನೋ ಮಾತಾಡಿದರು. ಕೊನೆಗೆ ಅವ್ವನೇ "ತಗಳಪ್ಪ, ಇದು ನಿಂದು" ಅಂತ ಕೈಗಿಟ್ಟರು. ಅವರು ಎರಡೂ ಕೈಯಲ್ಲಿ ತಗೊಂಡು ಹಣೆಗೆ ಒತ್ತಿಕೊಂಡರು. ಅದು ನೋಡಿ ನನಗೆ ತುಂಬಾ ಸಂಕಟವಾಯಿತು. ಸರ್ಕಾರ ಬೆಳೆ ಹೋದವರಿಗೆ ಅಂತ ಕಳಿಸಿದ ದುಡ್ಡು ಅದು. ಅದನ್ನು ಅವರು ನಮ್ಮ ಹತ್ತಿರ ದಾನ ತಗೊಂಡ ಹಾಗೆ ತಗೋಬೇಕಾಯಿತು. ನಾವು ಕೊಡದೇ ಇದ್ದಿದ್ದರೂ ಅವರು ಯಾವ ಕಚೇರಿಯಲ್ಲೂ ಕೇಳೋಕೆ ಆಗುತ್ತಿರಲಿಲ್ಲ. ಕೊಡದೇ ಇರುವ ಮನೆಗಳು ಬೇಕಾದಷ್ಟಿವೆ. ಕೇಳಿದರೆ ಮುಂದಿನ ವರ್ಷ ಹೊಲವೇ ಸಿಗುವುದಿಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ.

ಈ ಪರಿಹಾರ ಯಾತಕ್ಕೆ ಕೊಡುವುದು ಅಂತ ನಿಮ್ಮ ಆದೇಶಗಳಲ್ಲೇ ಬರೆದಿದೆ. ಅದರ ಹೆಸರೇ ಇನ್‌ಪುಟ್ ಸಬ್ಸಿಡಿ. 2023ರ ಬರದ ಹೊತ್ತಿನ ದರದಂತೆ, ಶೇ 33 ಇಲ್ಲವೇ ಅದಕ್ಕಿಂತ ಜಾಸ್ತಿ ಬೆಳೆ ಹಾನಿಯಾಗಿದ್ದರೆ ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ನಮ್ಮಂಥ ಬಯಲುಸೀಮೆಯ ಒಣ ಹೊಲಕ್ಕೆ ಲೆಕ್ಕ ಹಾಕಿದರೆ ಎಕರೆಗೆ 3,400 ರೂಪಾಯಿ ಚಿಲ್ಲರೆ. ಒಂದು ಎಕರೆ ಶೇಂಗಾಕ್ಕೆ ಬೀಜದ ಖರ್ಚೂ ಇದರಲ್ಲಿ ಪೂರ್ತಿ ಹುಟ್ಟುವುದಿಲ್ಲ. ಇರಲಿ, ಕೊಡುವುದು ಸಾಲದು ಅನ್ನುವುದು ಬೇರೆ ಪತ್ರದ ಮಾತು. ಇಲ್ಲಿ ಕೇಳುವುದು ಒಂದೇ. ಬೀಜಕ್ಕೆ, ಗೊಬ್ಬರಕ್ಕೆ, ಔಷಧಿಗೆ ಹಾಕಿದ ದುಡ್ಡಿಗೆ ಆಸರೆ ಅಂತ ಕೊಡುವ ಹಣವನ್ನು, ಬೀಜಕ್ಕೂ ಗೊಬ್ಬರಕ್ಕೂ ಒಂದು ಪೈಸೆ ಹಾಕದ ನಮ್ಮ ಮನೆಗೆ ಯಾಕೆ ಕೊಡುತ್ತೀರಿ? ನಮಗೆ ಆ ವರ್ಷ ಹೋಗಿದ್ದು ಪಾಲು. ಅವರಿಗೆ ಹೋಗಿದ್ದು ಪಾಲೂ, ಹಾಕಿದ ಬಂಡವಾಳವೂ, ಮನೆಮಂದಿಯೆಲ್ಲಾ ದುಡಿದ ದುಡಿಮೆಯೂ. ಮೇಲೆ ಕೈಸಾಲದ ಬಡ್ಡಿ.

2025ರಲ್ಲಿ ಭೀಮಾ ತೀರದಲ್ಲೂ ಅದರ ಸುತ್ತಮುತ್ತಲೂ ನೆರೆ ಬಂದಾಗ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ, ಒಣ ಬೇಸಾಯದವರಿಗೆ 17,000 ಮಾಡಿತು. ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರದ ತೊಗರಿ, ಹತ್ತಿ ಹೊಲಗಳು ನೀರಲ್ಲಿ ನಿಂತಿದ್ದವು. ಒಳ್ಳೇ ತೀರ್ಮಾನ, ಮನಸಾರೆ ಮೆಚ್ಚುತ್ತೇನೆ. ಆದರೆ ಆ ಕಡೆ ಲಾವಣಿ (ಗುತ್ತಿಗೆ), ಪಾಲು ಅಂತ ಎಷ್ಟು ಹೊಲ ಬೇರೆಯವರ ಕೈಯಲ್ಲಿದೆ ಅಂತ ಆ ಭಾಗದ ನಿಮ್ಮ ಶಾಸಕರನ್ನೇ ಕೇಳಿ. ದುಡ್ಡು ದುಪ್ಪಟ್ಟಾದರೂ ದಾರಿ ಅದೇ ಇದ್ದರೆ, ಮಾಡದವರಿಗೆ ದುಪ್ಪಟ್ಟು ಸಿಗುತ್ತದೆ, ಮಾಡಿದವರಿಗೆ ಆಗಲೂ ಸೊನ್ನೆಯೇ.

"ಹಾಗಾದರೆ ಗುತ್ತಿಗೆ ಕರಾರು ಪತ್ರ ತಂದು ಕೊಡಲಿ" ಅಂತ ಅಧಿಕಾರಿಗಳು ಹೇಳುತ್ತಾರೆ. ನಮ್ಮ ಕಡೆ ಒಂದು ಕಚೇರಿಯಲ್ಲಿ ನನಗೂ ಹಾಗೇ ಹೇಳಿದರು. ಕರಾರು ಪತ್ರ ಎಲ್ಲಿಂದ ತರುವುದು? ಕರ್ನಾಟಕದ ಭೂ ಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಜಮೀನು ಗೇಣಿಗೆ ಕೊಡುವಂತೆಯೇ ಇಲ್ಲ. ಸೈನಿಕರಿಗೆ, ಹಡಗಿನಲ್ಲಿ ದುಡಿಯುವವರಿಗೆ ಇರುವಂಥ ವಿನಾಯಿತಿ ಬಿಟ್ಟರೆ ಉಳಿದವರಿಗೆಲ್ಲಾ ನಿಷೇಧ. ಕಾನೂನಿನಲ್ಲಿ ಇಲ್ಲದ ವ್ಯವಹಾರಕ್ಕೆ ಕಾಗದ ತಾ ಅಂದರೆ ಆ ರೈತ ಏನು ಮಾಡಬೇಕು ಹೇಳಿ.

ಈ ಕಾಯ್ದೆಯನ್ನು ನಾನು ಹಳಿಯುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. 1951ರ ಕಾಗೋಡು ಗೇಣಿ ರೈತರ ಸತ್ಯಾಗ್ರಹದಿಂದ ಹಿಡಿದು ದೇವರಾಜ ಅರಸರ ಕಾಲದವರೆಗೆ ಎಷ್ಟು ಜನ ಅದಕ್ಕಾಗಿ ಹೋರಾಡಿದರು ಅಂತ ಗೊತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಲಕ್ಷಾಂತರ ಗೇಣಿದಾರರು, ನಮೂನೆ 7ರಲ್ಲಿ ಡಿಕ್ಲರೇಷನ್ ಹಾಕಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಈ ರಾಜ್ಯ ಮಾಡಿದ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಆದರೆ ಅರ್ಧ ಶತಮಾನ ಕಳೆದಿದೆ. ಆಗಿನ ಒಡೆಯನಿಗೆ ನೂರಾರು ಎಕರೆ ಇತ್ತು. ಈಗ ಹೊಲ ಕೋರಿಗೆ ಕೊಡುವವರು ನಮ್ಮವ್ವನಂಥ ವಿಧವೆಯರು, ಮಕ್ಕಳು ಬೆಂಗಳೂರು ಸೇರಿದ ವಯಸ್ಸಾದವರು, ಕಾಲು ಮುರಿದು ಮೂಲೆ ಸೇರಿದವರು. ಮಾಡುವವರು ಎರಡು ಎಕರೆ ಸ್ವಂತ ಇದ್ದು ಇನ್ನೂ ನಾಲ್ಕು ಎಕರೆ ಹಿಡಿದವರು, ಇಲ್ಲ ಏನೂ ಇಲ್ಲದವರು. ಅತ್ತ 2020ರಲ್ಲಿ 79ಎ, 79ಬಿ ಸೆಕ್ಷನ್ ತೆಗೆದ ಮೇಲೆ ಬೇಸಾಯವೇ ಗೊತ್ತಿಲ್ಲದವರೂ ಜಮೀನು ಕೊಳ್ಳಬಹುದು. ಕೊಂಡವರು ಉಳುವುದಿಲ್ಲ, ಬೇರೆ ಯಾರಿಗೋ ಮಾಡೋಕೆ ಕೊಡುತ್ತಾರೆ. ಕೋರು, ಗುತ್ತಿಗೆ ಎಲ್ಲಾ ನಡೆಯುತ್ತಲೇ ಇದೆ, ಬಾಯಿಮಾತಲ್ಲಿ ನಡೆಯುತ್ತಿದೆ. ಬಾಯಿಮಾತಲ್ಲಿ ಇರುವುದರಿಂದಲೇ ದುರ್ಬಲನಿಗೆ ಪೆಟ್ಟು.

ಪಹಣಿ ಇಲ್ಲದಿದ್ದರೆ ಏನೇನು ತಪ್ಪುತ್ತದೆ ಅಂತ ಒಂದು ಸಲ ನೋಡಿ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜಕ್ಕೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಕೇಳುತ್ತಾರೆ. ಆ ಐಡಿಗೆ ಪಹಣಿ ಜೋಡಿಸಿರಬೇಕು. ಬ್ಯಾಂಕಿನ ಬೆಳೆ ಸಾಲಕ್ಕೂ ಪಹಣಿ. ಬೆಂಬಲ ಬೆಲೆಗೆ ರಾಗಿ ಹಾಕೋಕೆ ಹೋದರೂ ಅದೇ ಐಡಿ. 2024-25ರಲ್ಲಿ ರಾಗಿಗೆ ಕ್ವಿಂಟಲ್‌ಗೆ 4,290 ಬೆಂಬಲ ಬೆಲೆ ಇತ್ತು. ಪರರ ಹೊಲದಲ್ಲಿ ರಾಗಿ ಬೆಳೆದವರು ಅದನ್ನು ಹೊಲದವರ ಹೆಸರಲ್ಲಿ ಹಾಕಿ, ದುಡ್ಡು ಅವರ ಖಾತೆಗೆ ಬೀಳುವ ತನಕ ಕಾದು, ಆಮೇಲೆ ಅವರ ಮನೆಗೆ ಹೋಗಿ ಕೇಳಬೇಕು. ಇಲ್ಲಾಂದ್ರೆ ಸಿಕ್ಕಿದ ರೇಟಿಗೆ ದಲ್ಲಾಳಿಗೆ ಕೊಟ್ಟು ಕೈ ತೊಳೆದುಕೊಳ್ಳಬೇಕು. 2016ರಿಂದ ಇರುವ ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗೇಣಿದಾರ, ಪಾಲುದಾರರೂ ವಿಮೆ ಮಾಡಿಸಬಹುದು ಅಂತ ಬರೆದಿದೆ. ಮುಂಗಾರು ಆಹಾರ ಬೆಳೆಗೂ ಎಣ್ಣೆಕಾಳಿಗೂ ಬರೀ ಶೇ 2 ಕಂತು. ಆದರೆ ಅಲ್ಲೂ ಕರಾರು ಪತ್ರ ಬೇಕು. ಮತ್ತೆ ಅದೇ ಗೋಡೆ.

ಇದು ನಮ್ಮ ರಾಜ್ಯದಲ್ಲಿ ಮಾತ್ರ ಆಗಿರುವ ಅನ್ಯಾಯ ಅಲ್ಲ. ಅಮೆರಿಕದಲ್ಲಿ 1933ರಲ್ಲಿ ಹತ್ತಿ ಬೆಲೆ ಬಿದ್ದುಹೋಗಿತ್ತು. ಅಲ್ಲಿನ ಸರ್ಕಾರ ಹತ್ತಿ ಬೆಳೆಯುವ ನೆಲ ಕಡಿಮೆ ಮಾಡಿ, ಅದಕ್ಕೆ ದುಡ್ಡು ಕೊಡುತ್ತೇವೆ ಅಂತ ಕಾನೂನು ತಂದಿತು. ದುಡ್ಡು ಹೋಗಿದ್ದು ತೋಟದ ಒಡೆಯರ ಕೈಗೆ. ಪಾಲಿಗೆ ಮಾಡುತ್ತಿದ್ದವರಿಗೂ ಹಂಚಬೇಕು ಅಂತ ಇತ್ತು, ಎಷ್ಟೋ ಒಡೆಯರು ಹಂಚಲಿಲ್ಲ. ನೆಲವೇ ಕಡಿಮೆ ಆಯಿತಲ್ಲ ಅಂತ ಅವರನ್ನು ಹೊಲದಿಂದಲೂ ಮನೆಯಿಂದಲೂ ಎಬ್ಬಿಸಿದರು. ಆಗ ಅರ್ಕಾನ್ಸಾ ರಾಜ್ಯದ ಟೈರೋನ್ಜಾ ಅನ್ನುವ ಸಣ್ಣ ಊರಲ್ಲಿ, 1934ರಲ್ಲಿ, ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಗೇಣಿದಾರರ ಸಂಘ ಕಟ್ಟಿದರು. ಆ ಕಾಲದಲ್ಲಿ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಕರಿಯರು ಬಿಳಿಯರು ಒಂದೇ ಸಂಘದಲ್ಲಿ ಕೂರುವುದು ಎಷ್ಟು ಕಷ್ಟದ ಮಾತು ಅಂತ ಯೋಚಿಸಿ. ಹೊಟ್ಟೆಪಾಡು ಅವರನ್ನು ಒಟ್ಟಿಗೆ ಕೂರಿಸಿತು. ಒಡೆತನದ ಕಾಗದ ನೋಡಿ ದುಡ್ಡು ಹಾಕಿದರೆ ಏನಾಗುತ್ತದೆ ಅಂತ ತೊಂಬತ್ತು ವರ್ಷದ ಹಿಂದೆಯೇ ಜಗತ್ತಿಗೆ ಗೊತ್ತಾಗಿದೆ.

ಅಷ್ಟು ದೂರ ಬೇಡ, ಪಕ್ಕದ ಆಂಧ್ರ ನೋಡಿ. 2019ರಲ್ಲಿ ಅಲ್ಲಿ ಬೆಳೆ ಸಾಗುವಳಿದಾರರ ಹಕ್ಕಿನ ಕಾಯ್ದೆ ಬಂತು. ಹೊಲ ಮಾಡುವವರಿಗೆ 11 ತಿಂಗಳ ಕಾರ್ಡು. ಕಾರ್ಡು ಇದ್ದರೆ ಬೆಳೆಯ ಮೇಲೆ ಮಾತ್ರ ಹಕ್ಕು, ನೆಲದ ಮೇಲೆ ಇಲ್ಲ ಅಂತ ಕಾಯ್ದೆಯಲ್ಲೇ ಬರೆದರು. ಅದು ಪೂರ್ತಿ ಗೆದ್ದಿದೆ ಅಂತ ನಾನು ಹೇಳುವುದಿಲ್ಲ. ಒಡೆಯರ ಸಹಿ ಬೇಕು ಅಂತ ಇಟ್ಟಿದ್ದರಿಂದ ಬೇಕಾದಷ್ಟು ಜನ ಸಹಿ ಹಾಕೋಕೆ ಒಪ್ಪಲಿಲ್ಲ. ರೈತರಿಗೆ ನೆರವು ಕೊಡುವುದಕ್ಕೆ ಒಡಿಶಾ ತಂದ ಕಾಲಿಯಾ ಯೋಜನೆಯಲ್ಲಿ ಪಾಲಿಗೆ ಮಾಡುವವರನ್ನೂ ಜಮೀನಿಲ್ಲದವರನ್ನೂ ಲೆಕ್ಕಕ್ಕೆ ತಗೊಂಡರು. ನೀತಿ ಆಯೋಗ 2016ರಲ್ಲೇ ಜಮೀನು ಗುತ್ತಿಗೆಗೆ ಒಂದು ಮಾದರಿ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿದೆ. ನೋಡಿ ಕಲಿಯೋಕೆ ಬೇಕಾದಷ್ಟಿದೆ, ಎಡವಿದ್ದೂ ಸೇರಿ.

ಕರ್ನಾಟಕಕ್ಕೆ ಒಂದು ದೊಡ್ಡ ಅನುಕೂಲ ಇದೆ. ಅದು ಬೆಳೆ ಸಮೀಕ್ಷೆ. ಮುಂಗಾರು, ಹಿಂಗಾರು, ಬೇಸಿಗೆ ಅಂತ ಪ್ರತಿ ಹಂಗಾಮಿನಲ್ಲಿ ಒಂದೊಂದು ಸರ್ವೆ ನಂಬರ್, ಒಂದೊಂದು ಹಿಸ್ಸಾಕ್ಕೂ ಹೋಗಿ, ಅಲ್ಲೇ ನಿಂತು ಬೆಳೆಯ ಫೋಟೋ ತೆಗೆದು, ಮೊಬೈಲಿನಲ್ಲಿ ಹಾಕುವ ವ್ಯವಸ್ಥೆ ನಮ್ಮಲ್ಲಿದೆ. ರೈತರೇ ಆ್ಯಪ್‌ನಲ್ಲಿ ಹಾಕಬಹುದು, ಹಾಕದೇ ಉಳಿದದ್ದನ್ನು ಊರಿನದೇ ಹುಡುಗರು, ನೀವು ಪಿಆರ್ ಅಂತ ಕರೆಯುವವರು, ಹೋಗಿ ಹಾಕುತ್ತಾರೆ. ಪರಿಹಾರಕ್ಕೂ ವಿಮೆಗೂ ಬೆಂಬಲ ಬೆಲೆಗೂ ಅದೇ ಮಾಹಿತಿ ಬಳಸುತ್ತೀರಿ. ಹೊಲದಲ್ಲಿ ಏನು ಬೆಳೆ ಇದೆ, ಎಷ್ಟು ಎಕರೆ ಇದೆ, ನೀರಾವರಿಯೋ ಒಣ ಬೇಸಾಯವೋ ಎಲ್ಲಾ ಕೇಳುತ್ತಾರೆ. ಬಿತ್ತಿದವರು ಯಾರು ಅಂತ ಕೂಡ ಕೇಳಲಿ. ಆ ಪಿಆರ್ ಹುಡುಗನಿಗೆ ಅದು ಗೊತ್ತೇ ಇರುತ್ತದೆ. ಹೊಲದ ಬದುವಿನ ಮೇಲೆ ನಿಂತಿರುವಾಗ ಎದುರಿಗೆ ಕಳೆ ಕೀಳುತ್ತಿರುವವರು ಯಾರು ಅಂತ ಅವನು ಯಾರನ್ನೂ ಕೇಳಬೇಕಾಗಿಲ್ಲ. ಪಹಣಿಯಲ್ಲೂ ಸಾಗುವಳಿದಾರರ ಹೆಸರಿಗೆ ಜಾಗ ಇದೆ. ಊರೆಲ್ಲಾ ಕೋರಿಗೆ ಹೋಗಿದ್ದರೂ ಅಲ್ಲಿ ಸ್ವಂತ ಅಂತಲೇ ಬರುತ್ತದೆ.

ಹಾಗಾಗಿ ನನ್ನ ಬೇಡಿಕೆ ಸ್ಪಷ್ಟವಾಗಿ ಹೇಳುತ್ತೇನೆ. ಬೆಳೆ ಸಮೀಕ್ಷೆಯಲ್ಲಿ ಆ ಹಂಗಾಮಿಗೆ ಮಾತ್ರ ಬಿತ್ತಿದವರ ಹೆಸರು, ಆಧಾರ್ ಸೇರಿಸಿ. ಆ ಹೆಸರು ಪಹಣಿಗೆ ಹೋಗಬಾರದು, ಹಂಗಾಮು ಮುಗಿದ ಮೇಲೆ ಅದರಿಂದ ನೆಲದ ಮೇಲೆ ಯಾವ ಹಕ್ಕೂ ಹುಟ್ಟಬಾರದು. ಇದನ್ನು ಬರೀ ಸುತ್ತೋಲೆಯಲ್ಲಿ ಹೇಳಿದರೆ ಸಾಲದು, ಕಾಯ್ದೆಗೇ ತಿದ್ದುಪಡಿ ತಂದು ಬರೆಯಿರಿ. ಯಾಕಂದ್ರೆ ಹೊಲದವರ ಹೆದರಿಕೆ ನಿಜವಾದದ್ದು. ನಮ್ಮ ಮನೆಯಲ್ಲೇ ಅವ್ವ ಮಾವನಿಗೆ ಕೈಯೆತ್ತಿ ದುಡ್ಡು ಕೊಡುತ್ತಾರೆ, ಆದರೆ ಒಂದು ಬಿಳಿ ಹಾಳೆ ಮೇಲೆ "ಹೊಲ ಇವರು ಮಾಡುತ್ತಿದ್ದಾರೆ" ಅಂತ ಬರೆದು ಸಹಿ ಹಾಕಿ ಅಂದರೆ ಹಾಕುವುದಿಲ್ಲ. 1974ರ ಕಥೆ ಕೇಳಿಕೊಂಡು ಬೆಳೆದವರು ಅವರು. ಆ ಹೆದರಿಕೆಯನ್ನು ಕಾನೂನೇ ಹೋಗಲಾಡಿಸಬೇಕು, ನನ್ನಂಥ ಮಗನ ಮಾತಿನಿಂದ ಅದು ಹೋಗುವುದಿಲ್ಲ.

ಇನ್ನು ಸಹಿಯ ಪ್ರಶ್ನೆ. ಆಂಧ್ರದ ಹಾಗೆ ಒಡೆಯರ ಸಹಿ ಕಡ್ಡಾಯ ಮಾಡಬೇಡಿ. ಸಮೀಕ್ಷೆಯಲ್ಲಿ ಬಂದ ಹೆಸರುಗಳನ್ನು ಗ್ರಾಮ ಪಂಚಾಯ್ತಿಯಲ್ಲಿ ಪಟ್ಟಿ ಮಾಡಿ ಅಂಟಿಸಿ. ಹೊಲದವರ ಮೊಬೈಲಿಗೂ ಮೆಸೇಜ್ ಹೋಗಲಿ. ಹದಿನೈದು ದಿನ ತಕರಾರಿಗೆ ಅವಕಾಶ ಕೊಡಿ. ತಕರಾರು ಬಂದರೆ ಗ್ರಾಮ ಆಡಳಿತ ಅಧಿಕಾರಿ ಅಕ್ಕಪಕ್ಕದ ಹೊಲದವರನ್ನು ಕೇಳಿ ತೀರ್ಮಾನಿಸಲಿ. ಬರದಿದ್ದರೆ ಅದೇ ಖಾತ್ರಿ. ಹಳ್ಳಿಯಲ್ಲಿ ಯಾರ ಹೊಲ ಯಾರು ಮಾಡುತ್ತಾರೆ ಅನ್ನುವುದು ಗುಟ್ಟಲ್ಲ. ಹೀಗೆ ಮಾಡಿದರೆ ಸುಳ್ಳು ಹೆಸರು ಸೇರಿಸುತ್ತಾರೆ ಅನ್ನುವ ಮಾತು ಬರುತ್ತದೆ. ಒಂದಷ್ಟು ಆಗಬಹುದು. ಆದರೆ ಈಗಿನ ಪದ್ಧತಿಯಲ್ಲಿ ಕೋರಿಗೆ ಕೊಟ್ಟ ಪ್ರತಿ ಹೊಲದ ದುಡ್ಡೂ ತಪ್ಪಾದ ಖಾತೆಗೇ ಹೋಗುತ್ತಿದೆ ಅಲ್ವಾ?

ಕೇಂದ್ರದ ಪಿಎಂ ಕಿಸಾನ್ ವಿಷಯ ನಾನು ಇಲ್ಲಿ ಎತ್ತುತ್ತಿಲ್ಲ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, 2019ರ ಫೆಬ್ರವರಿ 1ಕ್ಕೆ ಯಾರ ಹೆಸರಲ್ಲಿ ಜಮೀನಿತ್ತೋ ಅವರಿಗೆ, ಅಂತ ನಿಯಮ ಮಾಡಿದ್ದು ದೆಹಲಿಯಲ್ಲಿ. ಬೆಳೆ ಪರಿಹಾರದ ಪಟ್ಟಿ ಮಾಡುವುದು ಮಾತ್ರ ನಿಮ್ಮ ತಹಶೀಲ್ದಾರರು, ನಿಮ್ಮ ಸಾಫ್ಟ್‌ವೇರ್. ಅದಕ್ಕೆ ಯಾರನ್ನೂ ಕಾಯಬೇಕಾಗಿಲ್ಲ.

ಒಂದು ಮಾತು ಪೌತಿ ಖಾತೆ ಬಗ್ಗೆಯೂ. ಸತ್ತವರ ಹೆಸರಲ್ಲೇ ಉಳಿದಿರುವ ಪಹಣಿಗಳನ್ನು ವಾರಸುದಾರರಿಗೆ ಮಾಡಿಕೊಡಲು ಆಂದೋಲನ ಶುರು ಮಾಡಿದ್ದೀರಿ, ಬೇಗ ಮುಗಿಸಿ. ತಾತನ ಹೆಸರಲ್ಲಿ ಪಹಣಿ ಇದ್ದು, ಅಣ್ಣತಮ್ಮಂದಿರ ಭಾಗ ಇತ್ಯರ್ಥವಾಗದೆ, ಸ್ವಂತ ಹೊಲವನ್ನೇ ಉಳುತ್ತಿದ್ದರೂ ಪರಿಹಾರ ಸಿಗದ ಮನೆಗಳು ನಮ್ಮೂರಲ್ಲೇ ಇವೆ. ನಾನು ಹೇಳಿದ ರೀತಿ ಮಾಡಿದರೆ ಅವರಿಗೂ ದಾರಿಯಾಗುತ್ತದೆ. ಬಿತ್ತಿದವರು ಅವರೇ ಅಂತ ಸಮೀಕ್ಷೆಯಲ್ಲಿ ಬಂದರೆ ಸಾಕು, ಪಾಲು ವಿಭಾಗ ಆಮೇಲೆ ಆಗಲಿ.

ರಾಜ್ಯಕ್ಕೆಲ್ಲಾ ಒಂದೇ ಸಲ ಮಾಡೋಕೆ ಕಷ್ಟ ಅನ್ನಿಸಿದರೆ ಬರುವ ಮುಂಗಾರಿನ ಸಮೀಕ್ಷೆಯಲ್ಲಿ ಜಿಲ್ಲೆಗೊಂದು ಹೋಬಳಿಯಲ್ಲಿ ಮಾಡಿ ನೋಡಿ. ಚಿತ್ರದುರ್ಗ ಜಿಲ್ಲೆಯಲ್ಲಿ ನಮ್ಮ ಹೋಬಳಿಯನ್ನೇ ತಗೊಳ್ಳಿ. ಕಾಯ್ದೆಯಲ್ಲಿ ನೆಲಕ್ಕೆ ಭದ್ರತೆ ಬರೆದುಕೊಟ್ಟ ದಿನ ಅವ್ವನನ್ನು ಒಪ್ಪಿಸಿ, ನಮ್ಮ ಹೊಲದ ಸರ್ವೆ ನಂಬರಿನ ಎದುರು ಮಾವನ ಹೆಸರು ಬರೆಸುವ ಜವಾಬ್ದಾರಿ ನನ್ನದು. ಊರಲ್ಲಿ ಹೊಲ ಕೋರಿಗೆ ಕೊಟ್ಟಿರುವ ಬೇರೆ ಮನೆಗಳಿಗೂ ಹೋಗಿ ಮಾತಾಡುತ್ತೇನೆ. ತಿದ್ದುಪಡಿಯ ಕರಡು ಯಾವಾಗ ತರುತ್ತೀರಿ ಅನ್ನುವುದನ್ನು ದಯವಿಟ್ಟು ಈ ಸಲದ ಅಧಿವೇಶನದಲ್ಲೇ ತಿಳಿಸಿ.

ಇಂತಿ,
ಚಿತ್ರದುರ್ಗ ಜಿಲ್ಲೆಯ ಒಬ್ಬ ಪಹಣಿದಾರರ ಮಗ